ಏಳನೇ ಕೇಂದ್ರದ ಖಾಲಿ ಗಂಟೆ

ಆರನೆಯ ಕಂತು

"ಆ ಕುರ್ಚಿ ಮೇಲೆ ಮಾತ್ರ ಕೂತ್ಕೋಬೇಡಿ," ಅಂದಳು ಸತ್ತವನ ತಂಗಿ.

ಅರ್ಧ ಕೂತಿದ್ದ ಇನ್ಸ್‌ಪೆಕ್ಟರಮ್ಮ ಹಾಗೇ ಎದ್ದು ನಿಂತಳು.

"ಅಯ್ಯೋ, ಕೂತ್ಕೊಳ್ಳಿ, ಪರವಾಗಿಲ್ಲ. ಅಣ್ಣ ಅದನ್ನ ತಂದು ನಾಲ್ಕು ವರ್ಷ ಆಯ್ತು. ಇದುವರೆಗೂ ಯಾರೂ ಕೂತಿಲ್ಲ. ಅದಕ್ಕೇ ಬಾಯಿಗೆ ಬಂದುಬಿಡ್ತು."

ಕುರ್ಚಿಗೆ ಅಂಗಡಿಯವರು ಸುತ್ತಿ ಕೊಟ್ಟ ಪ್ಲಾಸ್ಟಿಕ್ ಹಾಳೆ ಇನ್ನೂ ಹಾಗೇ ಇತ್ತು. ಮೇಜಿನ ಈ ಕಡೆ ಇನ್ನೊಂದು ಕುರ್ಚಿ. ಅದರ ಕೈಗಳು ಬೆವರಿಗೆ ಕಪ್ಪಗಾಗಿ, ಸೀಟು ಒಂದು ಕಡೆಗೆ ವಾಲಿತ್ತು. ಒಬ್ಬನೇ ಮನುಷ್ಯ ಎಷ್ಟೋ ವರ್ಷ ಒಂದೇ ಭಂಗಿಯಲ್ಲಿ ಕೂತು ಉಂಡ ಗುರುತು. ಇನ್ಸ್‌ಪೆಕ್ಟರಮ್ಮನ ಮನೆಯಲ್ಲೂ ಅಂಥದೇ ಒಂದು ಕುರ್ಚಿ ಇತ್ತು. ಎರಡನೆಯದು ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಅವನು ಸತ್ತು ಇವತ್ತಿಗೆ ಹನ್ನೊಂದು ದಿನ. ನಗರದ ಒಂಬತ್ತು ಗಾಳಿ ಮಾಪನ ಕೇಂದ್ರಗಳನ್ನು ನೋಡಿಕೊಳ್ಳುತ್ತಿದ್ದ ತಂತ್ರಜ್ಞ, ಮಕ್ಕಳ ಬಾಯಲ್ಲಿ ‘ಗಾಳಿಮಾಮ’, ಏಳನೇ ಕೇಂದ್ರವಿದ್ದ ಶಾಲೆಯ ಮಾಳಿಗೆಯಿಂದ ಇಳಿಯುವಾಗ ಕಬ್ಬಿಣದ ಏಣಿಯಿಂದ ಜಾರಿ ಬಿದ್ದ ಅಂತ ಎಲ್ಲರೂ ಒಂದೇ ಬಾಯಲ್ಲಿ ಹೇಳಿ ಕೈ ತೊಳೆದುಕೊಂಡಿದ್ದರು. ಇನ್ಸ್‌ಪೆಕ್ಟರಮ್ಮ ಒಬ್ಬಳೇ ಇನ್ನೂ ತೊಳೆದುಕೊಂಡಿರಲಿಲ್ಲ. ಇಪ್ಪತ್ತು ವರ್ಷ ದಿನಕ್ಕೆರಡು ಸಲ ಏಣಿ ಹತ್ತಿ ಇಳಿದವನು, ಮಳೆಯೂ ಇಲ್ಲದ ಒಂದು ಮಧ್ಯಾಹ್ನ, ಒಣಗಿದ ಮೆಟ್ಟಿಲ ಮೇಲೆ ಯಾಕೆ ಜಾರಿದ?

"ಯಾರಿಗೆ ಅಂತ ತಂದಿದ್ರು ಇದನ್ನ?" ಅವಳು ಹೊಸ ಕುರ್ಚಿಯ ಬೆನ್ನು ಮುಟ್ಟಿ ಕೇಳಿದಳು.

"ಯಾರೋ ಬರ್ತೀನಿ ಅಂದಿದಾರೆ ಅಂದ. ಯಾರೋ ಅಂದ್ರೆ ಯಾರು ಅಂತ ಕೇಳಿದೆ. ‘ಆಚೆಯವಳು’ ಅಂದು ನಕ್ಕ. ಹೆಸರು ಮಾತ್ರ ಬಾಯಿ ಬಿಡಲಿಲ್ಲ. ನಮ್ಮ ಭಾಷೆಯವಳೇ, ಮದುವೆಯಾಗಿ ಅಮೆರಿಕದ ಯಾವುದೋ ಸಣ್ಣ ಊರಿಗೆ ಹೋದವಳು, ಗಂಡ ಇಲ್ಲ, ಅವಳೂ ಗಾಳಿ ಅಳೀತಾಳೆ. ಇಷ್ಟೇ ನಂಗೆ ಗೊತ್ತಿರೋದು." ತಂಗಿ ಮೂಗು ಒರೆಸಿಕೊಂಡಳು. "ಬರಲಿಲ್ಲ ಬಿಡಿ. ಹಾಗೆ ಹೇಳೋರು ಎಷ್ಟು ಜನ ಬರ್ತಾರೆ?"

ಇನ್ಸ್‌ಪೆಕ್ಟರಮ್ಮ ಗೋಡೆಯ ಕಡೆ ತಿರುಗಿದಳು.

ಇದು ಅವಳು ಈ ಕೋಣೆಗೆ ಬರುತ್ತಿರುವುದು ಐದನೇ ಸಲ. ಮೊದಲೆರಡು ಸಲ ಕೆಲಸಕ್ಕೆ ಬಂದಿದ್ದಳು. ಆಮೇಲಿನ ಎರಡು ಸಲ ಯಾಕೆ ಬಂದಳೋ ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಇಲ್ಲಿ ಕೂತರೆ ಯಾರೋ ಒಳಗೆ ಸ್ನಾನಕ್ಕೆ ಹೋಗಿದ್ದಾರೆ, ಇನ್ನೇನು ಬರುತ್ತಾರೆ ಅನ್ನುವಂಥ ಒಂದು ಜೊತೆ ಸಿಗುತ್ತಿತ್ತು. ಸತ್ತವನ ಜೊತೆ. ಯಾರಿಗಾದರೂ ಹೇಳಿದರೆ ರಜೆ ಹಾಕಿಸಿ ಡಾಕ್ಟರ ಹತ್ತಿರ ಕಳಿಸುತ್ತಾರೆ ಅಂತ ತನ್ನಲ್ಲೇ ಇಟ್ಟುಕೊಂಡಿದ್ದಳು.

ಗೋಡೆಯ ಮೇಲೆ ಬಾಗಿಲಿನಷ್ಟು ದೊಡ್ಡ ಹಾಳೆ. ಅವನೇ ಗೆರೆ ಎಳೆದು ಮಾಡಿದ್ದ ಪಟ್ಟಿ. ಎಡಗಡೆ ತಾರೀಖು, ಅದರ ಮುಂದೆ ಒಂದು ಅಂಕಿ. ಅಂಕಿಯ ಮುಂದೆ ಸಾಲಾಗಿ ಚೌಕ ಮನೆಗಳು. ಪ್ರತಿ ಮನೆಗೂ ಒಂದೊಂದು ದೇಶದ ಹೆಸರು, ಒಂದೊಂದು ಬಣ್ಣ.

"ಇದನ್ನ ನಿಮಗೆ ಯಾವತ್ತಾದ್ರೂ ವಿವರಿಸಿ ಹೇಳಿದ್ರಾ?"

"ನಂಗಲ್ಲ, ನನ್ನ ಮಗಳಿಗೆ ಹೇಳಿದ್ದ." ತಂಗಿ ಹತ್ತಿರ ಬಂದು ಒಂದು ಸಾಲಿನ ಮೇಲೆ ಬೆರಳಿಟ್ಟಳು. "ನೋಡಿ, ಈ ದಿನ ಐವತ್ತೆಂಟು. ಒಂದು ಘನ ಮೀಟರ್ ಗಾಳೀಲಿ ಐವತ್ತೆಂಟು ಮೈಕ್ರೋಗ್ರಾಂ ಸಣ್ಣ ಧೂಳು. ಧೂಳು ಅಷ್ಟೇ, ಗಾಳಿ ಅದೇ. ನಮ್ಮಲ್ಲಿ ಅರವತ್ತರ ತನಕ ‘ಸಮಾಧಾನಕರ’, ತಿಳಿಹಸಿರು. ಬ್ರಿಟನ್ನಲ್ಲಿ ಒಂದರಿಂದ ಹತ್ತರ ಏಣಿ. ಇದಕ್ಕೆ ಏಳನೇ ಮೆಟ್ಟಿಲು, ‘ಹೆಚ್ಚು’, ಕೆಂಪು. ಅಮೆರಿಕದಲ್ಲಿ ‘ಅನಾರೋಗ್ಯಕರ’, ಅಲ್ಲೂ ಕೆಂಪು. ಕೆನಡಾದ ಮನೆ ನೋಡಿ, ಬಣ್ಣಾನೇ ಇಲ್ಲ. ಅವರು ಧೂಳೊಂದನ್ನೇ ನೋಡಲ್ವಂತೆ, ಬೇರೆ ಎರಡು ಅನಿಲ ಸೇರಿಸಿ ಒಟ್ಟು ಅಪಾಯ ಎಷ್ಟು ಅಂತ ಹೇಳ್ತಾರಂತೆ. ವಿಶ್ವ ಆರೋಗ್ಯ ಸಂಸ್ಥೆಯವರು ದಿನಕ್ಕೆ ಹದಿನೈದು ದಾಟಬೇಡಿ ಅಂತಾರೆ." ಅವಳು ಬೆರಳು ತೆಗೆದಳು. "ನನ್ನ ಮಗಳು ಕೇಳಿದ್ಲು, ‘ಮಾಮ, ನಾನು ಬ್ರಿಟನ್ನಿಗೆ ಹೋಗಿ ಇದೇ ಗಾಳಿ ಉಸಿರಾಡಿದ್ರೆ ಜಾಸ್ತಿ ಕೆಮ್ಮು ಬರುತ್ತಾ?’ ಅಂತ."

"ಏನಂದ್ರು?"

"ಅವಳ ತಲೆ ಸವರಿದ. ಮಾರನೇ ದಿನದಿಂದ ಏಳನೇ ಕೇಂದ್ರದ ಹಿಂದೆ ಬಿದ್ದ."

ಮಗಳಿಗೆ ಒಂಬತ್ತು ವರ್ಷ. ಉಸಿರಿನ ತೊಂದರೆ. ಏಳನೇ ಕೇಂದ್ರ ಇದ್ದ ಶಾಲೆಯಲ್ಲೇ ಓದುತ್ತಾಳೆ. ಶಾಲೆಯ ಗೇಟಿನ ಹತ್ತಿರ ವಿದ್ಯುತ್ ಹಲಗೆ. ಅದು ಹಸಿರು ತೋರಿಸಿದರೆ ಮಕ್ಕಳು ಮೈದಾನಕ್ಕೆ, ಬೇರೆ ಬಣ್ಣವಾದರೆ ಒಳಗೆ. ಮೂರು ತಿಂಗಳಿಂದ ಹಲಗೆ ಒಂದು ದಿನವೂ ಹಸಿರು ಬಿಟ್ಟು ಕದಲಿರಲಿಲ್ಲ. ಅದೇ ಮೂರು ತಿಂಗಳಲ್ಲಿ ಮಗುವನ್ನು ನಾಲ್ಕು ಸಲ ಮೈದಾನದಿಂದ ಎತ್ತಿಕೊಂಡು ಬಂದಿದ್ದರು.

*

ಸತ್ತವನ ಫೋನು ಇನ್ಸ್‌ಪೆಕ್ಟರಮ್ಮನ ಚೀಲದಲ್ಲೇ ಇತ್ತು. ನಾಲ್ಕು ವರ್ಷದ ಸಂದೇಶಗಳನ್ನು ಅವಳು ಎರಡು ಸಲ ಓದಿ ಮುಗಿಸಿದ್ದಳು. ಎರಡನೇ ಸಲ ಓದುವ ಅಗತ್ಯ ಇರಲಿಲ್ಲ ಅಂತ ಅವಳಿಗೇ ಗೊತ್ತಿತ್ತು.

ಪ್ರೀತಿ ಪ್ರೇಮದ ಮಾತು ಎಳ್ಳಷ್ಟೂ ಇಲ್ಲ. ದಿನಕ್ಕೊಂದು ಅಂಕಿ ಈ ಕಡೆಯಿಂದ, ಒಂದು ಆ ಕಡೆಯಿಂದ.

‘ಇವತ್ತು ನಂದು 9. ನಿಂದು?’

‘71.’

‘ನಮ್ಮ ಏಣಿಗೆ ಹಾಕಿದರೆ ನೀನು ಕೆಂಪು. ಕಿಟಕಿ ಮುಚ್ಚು.’

‘ನಮ್ಮ ಏಣಿಗೆ ಹಾಕಿದರೆ ನೀನು ಗಾಢ ಹಸಿರು. ಕಿಟಕಿ ತೆರೆದು ನನ್ನ ಪಾಲಿಂದೂ ಉಸಿರಾಡು.’

ಒಬ್ಬರ ಗಾಳಿಯನ್ನು ಇನ್ನೊಬ್ಬರು ತಮ್ಮ ದೇಶದ ಅಳತೆಗೆ ಹಾಕಿ ಬಣ್ಣ ಹೇಳುವುದು. ಅದೇ ಅವರ ಯೋಗಕ್ಷೇಮ ವಿಚಾರಣೆ. ಇನ್ಸ್‌ಪೆಕ್ಟರಮ್ಮನ ತಮ್ಮ ಭಾನುವಾರಕ್ಕೊಂದು ಸಲ ಫೋನು ಮಾಡಿ, ಹೇಗಿದೀಯಕ್ಕ ಅಂತ ಕೇಳಿ, ಅವಳು ಬಾಯಿ ತೆರೆಯುವಷ್ಟರಲ್ಲಿ ತನ್ನ ಸೊಂಟನೋವಿನ ವಿಷಯಕ್ಕೆ ಹೋಗುತ್ತಿದ್ದ. ಇವತ್ತು ನಿನ್ನ ಗಾಳಿ ಹೇಗಿದೆ ಅಂತ ಅವಳನ್ನು ಯಾರು ಕೇಳಿದ್ದರು?

ಅವನು ಸತ್ತ ಮೇಲೂ ಆ ಕಡೆಯ ಅಂಕಿ ನಿಂತಿರಲಿಲ್ಲ. ‘8. ನಿಂದು?’ ‘11. ನಿಂದು?’ ‘9.’ ಕೊನೆಯ ಮೂರು ದಿನ ‘ನಿಂದು?’ ಅನ್ನುವುದೂ ಬಿಟ್ಟುಹೋಗಿತ್ತು. ಯಾರಾದರೂ ಅವಳಿಗೆ ತಿಳಿಸಬೇಕಿತ್ತು. ಇನ್ಸ್‌ಪೆಕ್ಟರಮ್ಮ ದಿನವೂ ನಾಳೆ ಅಂತ ಮುಂದೂಡುತ್ತ ಬಂದಿದ್ದಳು. ಇವತ್ತು ಹನ್ನೆರಡು ಗಂಟೆಗೆ, ರಸ್ತೆ ಬದಿಯ ಬೆಂಚಿನ ಮೇಲೆ ಕೂತು, ಕರೆ ಮಾಡಿಯೇಬಿಟ್ಟಳು.

ಒಂದೇ ಸಲ ರಿಂಗಾಯಿತು. ಎತ್ತಿದರು.

"ನಾನು ಪೊಲೀಸ್ ಇನ್ಸ್‌ಪೆಕ್ಟರ್ ಮಾತಾಡ್ತಿರೋದು. ಈ ಫೋನು ಯಾರದೋ ಅವರ ವಿಷಯ... ಕ್ಷಮಿಸಿ, ನಿಮ್ಮಲ್ಲಿ ಈಗ ನಡುರಾತ್ರಿ ದಾಟಿರಬೇಕು, ಯೋಚನೆ ಮಾಡದೆ ಕರೆ ಮಾಡಿಬಿಟ್ಟೆ."

"ಪರವಾಗಿಲ್ಲ. ನಿದ್ದೆ ಇರಲಿಲ್ಲ." ತಗ್ಗಿದ ದನಿ, ಸ್ವಲ್ಪ ಒಡಕು. ಎಷ್ಟೋ ದಿನದಿಂದ ಬಳಸದೆ ಇಟ್ಟ ಪಾತ್ರೆಯ ಸದ್ದಿನ ಹಾಗೆ.

ಇನ್ಸ್‌ಪೆಕ್ಟರಮ್ಮ ಹೇಳಿದಳು. ಇಂಥ ಸುದ್ದಿಯನ್ನು ನೂರಾರು ಮನೆಗೆ ಮುಟ್ಟಿಸಿದವಳು. ಆದರೂ ಎರಡು ಸಲ ಹೇಳಬೇಕಾಯಿತು.

ಆಚೆಯವಳು ಅಳಲಿಲ್ಲ. ಹೇಗೆ, ಯಾವಾಗ ಅಂತ ಕೇಳಲಿಲ್ಲ. ದುಃಖ ಒಬ್ಬೊಬ್ಬರನ್ನು ಒಂದೊಂದು ಥರ ಹಿಡಿಯುತ್ತದೆ ಅಂತ ಇನ್ಸ್‌ಪೆಕ್ಟರಮ್ಮ ಅಂದುಕೊಂಡಳು.

"ಅವನು ನಿಮಗೆ ಪಟ್ಟಿ ಬಿಟ್ಟುಹೋಗಿದಾನಾ?" ಅಂತ ಕೇಳಿದಳು ಆಚೆಯವಳು.

"ಗೋಡೆ ಮೇಲಿನ ಬಣ್ಣದ ಪಟ್ಟಿ ನೋಡಿದೆ."

"ಬಣ್ಣ ಬಿಡಿ. ಬಣ್ಣದ ಜಗಳ ಹಳೇದು. ಒಂದೊಂದು ದೇಶ ತನಗೆ ತಡ್ಕೊಳ್ಳೋಕೆ ಆಗುವಷ್ಟಕ್ಕೆ ಗೆರೆ ಎಳ್ಕೊಳ್ಳುತ್ತೆ. ಅದು ತಪ್ಪೋ ಸರಿಯೋ, ಬಹಿರಂಗವಾಗಿ ಎಳೆದ ಗೆರೆ. ನೀವು ಗಂಟೆ ನೋಡಿ ಅಮ್ಮಾ."

"ಗಂಟೆ?"

"ದಿನದ ಸರಾಸರಿ ಅಂತ ಹೇಳ್ತಾರಲ್ಲ, ಎಷ್ಟು ಗಂಟೆಯ ಸರಾಸರಿ? ನಮ್ಮಲ್ಲಿ ಇಪ್ಪತ್ತನಾಲ್ಕರಲ್ಲಿ ಹದಿನೆಂಟು ಗಂಟೆಯಾದ್ರೂ ಅಳತೆ ಇರಬೇಕು. ಇಲ್ಲದಿದ್ರೆ ಆ ದಿನಾನ ದಿನ ಅಂತಲೇ ಒಪ್ಪಲ್ಲ, ಖಾಲಿ ಬಿಡ್ತೀವಿ. ನಿಮ್ಮಲ್ಲಿ ಹದಿನಾರು ಇದ್ರೆ ಸಾಕು. ಅಂದ್ರೆ ಎಂಟು ಗಂಟೆ ಕೈಬಿಟ್ರೂ ಲೆಕ್ಕ ಪಾಸು. ಯಂತ್ರ ನಿಜವಾಗಿ ಕೆಟ್ರೆ ಯಾವ್ಯಾವಾಗಲೋ ಕೆಡುತ್ತೆ. ಬೆಳಿಗ್ಗೆ ವಾಹನ ಹೊರಡುವಾಗ ನಾಲ್ಕು ಗಂಟೆ, ಸಂಜೆ ವಾಹನ ತಿರುಗುವಾಗ ನಾಲ್ಕು ಗಂಟೆ, ದಿನಾ ಗಡಿಯಾರ ನೋಡ್ಕೊಂಡು ಕೆಡಲ್ಲ."

ಫೋನು ಕಟ್ಟಾಯಿತು. ಇನ್ಸ್‌ಪೆಕ್ಟರಮ್ಮ ಬೆಂಚಿನ ಮೇಲೇ ಕೂತಿದ್ದಳು. ಎದುರಿನ ರಸ್ತೆಯಲ್ಲಿ ಬಸ್ಸುಗಳು ಒಂದರ ಬಾಲ ಒಂದು ಮೂಸುತ್ತ ಹೋಗುತ್ತಿದ್ದವು. ಇಷ್ಟು ದೂರದ, ಮುಖ ಕಾಣದ ಒಬ್ಬ ಹೆಂಗಸಿಗೆ ಇನ್ನೊಂದು ಸಲ ಫೋನು ಮಾಡಬೇಕು ಅಂತ ಅವಳಿಗೆ ಅನಿಸಿತು. ಕಾರಣ ಹುಡುಕಿದಳು. ಸಿಗಲಿಲ್ಲ.

*

ನಗರದ ಗಾಳಿ ಕಚೇರಿಯಲ್ಲಿ ದಾಖಲೆ ಅಧಿಕಾರಿಗೆ ‘ಇಸ್ತ್ರಿ ಸಾಹೇಬ’ ಅಂತ ಹೆಸರು. ಅಂಗಿಯ ಮಡಿಕೆ ಚಾಕುವಿನ ಹಾಗೆ ನಿಂತಿರುತ್ತಿತ್ತು ಅನ್ನುವುದು ಒಂದು ಕಾರಣ. ಸುಕ್ಕುಗಟ್ಟಿದ ಅಂಕಿಗಳೂ ಅವನ ಮೇಜು ದಾಟುವಷ್ಟರಲ್ಲಿ ನೀಟಾಗುತ್ತವೆ ಅನ್ನುವುದು ಇನ್ನೊಂದು. ಎರಡನೆಯದನ್ನು ಕಚೇರಿಯವರು ಪೊಲೀಸರ ಮುಂದೆ ಹೇಳಿರಲಿಲ್ಲ. ಚಹಾ ತರುವಾಕೆ ಹೇಳಿದ್ದಳು.

ಅವಳು ಹೋದಾಗ ಮೂರಕ್ಕೆ ಐದು ನಿಮಿಷ. ಇಸ್ತ್ರಿ ಸಾಹೇಬ ಎದ್ದು ನಿಂತು ಕುರ್ಚಿ ತೋರಿಸಿದ. ಕೋಣೆಯಲ್ಲಿ ಇವರಿಬ್ಬರೇ. ನಿರ್ದೇಶಕರು ಹದಿನೈದು ದಿನದಿಂದ ಪರದೇಶದಲ್ಲಿ, ಶುದ್ಧ ನಗರಗಳ ಯಾವುದೋ ಸಮ್ಮೇಳನದಲ್ಲಿ. ಗೋಡೆಗೆ ಹಾಕಿದ ದೊಡ್ಡ ಪರದೆಯ ಮೇಲೆ ಒಂಬತ್ತು ಕೇಂದ್ರಗಳ ಒಂಬತ್ತು ಸಾಲು, ಗಂಟೆಗೊಮ್ಮೆ ಹೊಸ ಅಂಕಿ.

ಅವಳು ಒಂದು ಹಾಳೆ ಮೇಜಿನ ಮೇಲಿಟ್ಟಳು.

"ಏಳನೇ ಕೇಂದ್ರ. ಮೂರು ತಿಂಗಳು. ಪ್ರತಿ ದಿನ ಎಣಿಸಿದೆ. ಹದಿನಾರು ಅಂಕಿ, ಎಂಟು ಖಾಲಿ. ಹದಿನೇಳು ಇಲ್ಲ, ಹದಿನೈದು ಇಲ್ಲ."

"ಯಂತ್ರ ಹಳೇದು ಮೇಡಂ."

"ಗಡಿಯಾರ ಓದೋಕೆ ಬರುವಷ್ಟು ಬುದ್ಧಿವಂತ ಯಂತ್ರ. ಬೆಳಿಗ್ಗೆ ಏಳರಿಂದ ಹನ್ನೊಂದು, ಸಂಜೆ ಐದರಿಂದ ಒಂಬತ್ತು. ಖಾಲಿ ಮನೆ ಮುಂದೆ ‘ದುರಸ್ತಿಯಲ್ಲಿದೆ’ ಅಂತ ಟಿಪ್ಪಣಿ. ಟಿಪ್ಪಣಿ ಕೆಳಗೆ ಗುರುತಿನ ಸಂಖ್ಯೆ 4417. ಯಾರದು?"

"ಅವನದೇ. ಸತ್ತನಲ್ಲ, ಅವನದು."

"ಬೆಳಿಗ್ಗೆ ಏಳರಿಂದ ಹನ್ನೊಂದರ ತನಕ ಅವನು ಉಳಿದ ಎಂಟು ಕೇಂದ್ರ ಸುತ್ತಿರ್ತಿದ್ದ. ಎಂಟು ಕಡೆಯ ಹಾಜರಿ ಪುಸ್ತಕದಲ್ಲೂ ಅವನ ಸಹಿ ಇದೆ. ಒಬ್ಬನೇ ಮನುಷ್ಯ ಎರಡು ಮಾಳಿಗೆ ಮೇಲೆ ಹೇಗಿದ್ದ ಸಾಹೇಬರೇ?"

ಇಸ್ತ್ರಿ ಸಾಹೇಬ ಕನ್ನಡಕ ತೆಗೆದು ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ಅವನ ಪಟ್ಟಿಯ ಅಂಚಲ್ಲಿ ಪೆನ್ಸಿಲ್ ಲೆಕ್ಕ ಇದೆ, ಒಂದು ದಿನ ಇಪ್ಪತ್ತನಾಲ್ಕು ಗಂಟೆಯೂ ಸೇರಿಸಿದ್ರೆ ಎಂಬತ್ತನಾಲ್ಕು. ನೀವು ಹಲಗೆಗೆ ಕಳಿಸಿದ್ದು ಐವತ್ತೆಂಟು," ಅಂದಳು ಅವಳು. "ಹಸಿರಿನ ಹೊಸ್ತಿಲೊಳಗೆ, ಎರಡೇ ಅಂಕಿ ಈಚೆ. ಚೆನ್ನಾಗಿ ಇಸ್ತ್ರಿ ಹಾಕಿದೀರ."

"ನಿಯಮ ಮೀರಿಲ್ಲ ನಾನು." ದನಿ ಸಣ್ಣಗಿತ್ತು, ಆದರೆ ಮೊಂಡು. "ಹದಿನಾರು ಗಂಟೆ ಸಾಕು ಅಂತ ನಿಯಮ ಬರೆದಿದ್ದು ನಾನಲ್ಲ. ಅರವತ್ತರ ತನಕ ಸಮಾಧಾನಕರ ಅಂತ ಬರೆದಿದ್ದೂ ನಾನಲ್ಲ. ಅವನು ಇಲ್ಲಿ ಬಂದು ಇದೇ ಮೇಜು ಕುಟ್ಟಿ ಕೇಳಿದ, ಬ್ರಿಟನ್ನಲ್ಲಿ ಇದು ಕೆಂಪು, ಅಮೆರಿಕದಲ್ಲಿ ಕೆಂಪು, ನಿನಗೆ ಮಾತ್ರ ಹಸಿರಾ ಅಂತ. ಒಂದೊಂದು ದೇಶಕ್ಕೆ ಒಂದೊಂದು ಬಣ್ಣ. ನಾನು ಯಾವ ಬಣ್ಣ ನಂಬಲಿ? ಒಂದೇ ಗಾಳಿಗೆ ಹತ್ತು ಹೆಸರಿಡೋ ಜಗತ್ತಲ್ಲಿ ನನ್ನೊಬ್ಬನ್ನ ಯಾಕೆ ಕಳ್ಳ ಅಂತೀರ?"

"ಬೇರೆ ದೇಶದವರು ಬೇರೆ ಹೆಸರಿಡಲಿ. ಅವರು ಇಡೀ ದಿನಕ್ಕೆ ಇಡ್ತಾರೆ. ನೀವು ದಿನದಲ್ಲಿ ಕೆಟ್ಟ ಭಾಗ ಕತ್ತರಿಸಿ ಎಸೆದು, ಉಳಿದದ್ದಕ್ಕೆ ಹೆಸರಿಟ್ರಿ. ಬೆಳಿಗ್ಗೆ ಎಂಟೂವರೆಗೆ ಮೈದಾನದಲ್ಲಿ ಓಡೋ ಮಗು ಆ ಕತ್ತರಿಸಿದ ಗಂಟೆಯಲ್ಲೇ ಉಸಿರಾಡುತ್ತೆ. ಅದರ ಎದೆಗೂಡು ಯಾವ ದೇಶದ ಪಟ್ಟಿ ನೋಡುತ್ತೆ ಹೇಳಿ."

ಅವನು ಹಾಳೆಯನ್ನು ಅವಳ ಕಡೆಗೇ ತಳ್ಳಿದ.

"ಯಾರು ಹೇಳಿ ಮಾಡಿಸಿದ್ದು?"

"ಯಾರೂ ಹೇಳಲ್ಲ ಮೇಡಂ, ಇಂಥ ಮಾತನ್ನ. ‘ಏಳನ್ನ ಸ್ವಲ್ಪ ನೋಡ್ಕೊಳ್ಳಿ’ ಅಂದ್ರು ನಿರ್ದೇಶಕರು. ಆ ಸಮ್ಮೇಳನದ ಪಟ್ಟೀಲಿ ನಮ್ಮ ನಗರದ ಹೆಸರು ಬರಬೇಕಿತ್ತು. ಏಳೊಂದು ಅಡ್ಡ ನಿಂತಿತ್ತು. ನೋಡ್ಕೊಂಡೆ."

"ಅವನು ಸತ್ತ ದಿನ?"

"ಎರಡೂವರೆಗೆ ಫೋನು ಮಾಡಿದ್ದ. ಅಸಲು ಅಂಕಿಗಳೆಲ್ಲ ಅಚ್ಚು ಹಾಕಿಸಿಟ್ಕೊಂಡಿದೀನಿ, ನಾಲ್ಕು ಗಂಟೆಗೆ ತರ್ತೀನಿ, ನೀವೇ ನಿರ್ದೇಶಕರಿಗೆ ಬರೀರಿ, ಇಲ್ಲ ಅಂದ್ರೆ ನಾನು ಪತ್ರಿಕೆಗೆ ಕೊಡ್ತೀನಿ ಅಂದ. ನಾನು ಇಲ್ಲೇ ಈ ಕುರ್ಚೀಲಿ ಕಾಯ್ತಾ ಕೂತಿದ್ದೆ. ನಾಲ್ಕಾಯ್ತು, ಐದಾಯ್ತು. ಆಮೇಲೆ ಶಾಲೆಯಿಂದ ಸುದ್ದಿ ಬಂತು."

"ಕಾಯ್ತಾ ಕೂತಿದ್ದನ್ನ ಯಾರಾದ್ರೂ ನೋಡಿದಾರಾ?"

"ನಾನು ಯಾವಾಗಲೂ ಒಬ್ಬನೇ ಕೂತಿರ್ತೀನಿ ಮೇಡಂ. ಈ ಕೋಣೆಗೆ ಯಾರು ಬರ್ತಾರೆ?"

ಆ ಮಾತು ಅವಳನ್ನು ಒಂದು ಗಳಿಗೆ ತಡೆಯಿತು. ನಿಜ ಹೇಳುವವನೂ ಹಾಗೇ ಹೇಳುತ್ತಾನೆ, ಸುಳ್ಳು ಹೇಳುವವನೂ ಹಾಗೇ ಹೇಳುತ್ತಾನೆ. ಒಂಟಿಯಾಗಿರುವವರ ಕಷ್ಟವೇ ಅದು. ಸಾಕ್ಷಿ ಅಂತ ಕರೆಯಲು ಒಬ್ಬರೂ ಇರುವುದಿಲ್ಲ. ನಿನ್ನೆ ಸಂಜೆ ನೀನು ಎಲ್ಲಿದ್ದೆ ಅಂತ ತನ್ನನ್ನೇ ಯಾರಾದರೂ ಕೇಳಿದರೆ? ಮನೆಯಲ್ಲಿದ್ದೆ ಅನ್ನಬೇಕು. ನಂಬುವವರು ನಂಬಬೇಕು.

ಅವಳು ಎರಡನೇ ಹಾಳೆ ತೆಗೆದಳು.

"ಸರಿ. ಇದನ್ನೂ ಹೇಳಿಬಿಡಿ. ಅವನು ಸತ್ತ ಮಾರನೇ ದಿನದಿಂದ ಎಂಟು ಗಂಟೆ ಕತ್ತರಿಸೋದು ನಿಂತಿದೆ. ಹೆದರಿದ್ರಿ, ಅರ್ಥ ಆಗುತ್ತೆ. ಆದ್ರೆ ದಿನಕ್ಕೆ ಒಂದು ಗಂಟೆ ಮಾತ್ರ ಇನ್ನೂ ಖಾಲಿ ಇದೆ. ಮಧ್ಯಾಹ್ನ ಮೂರರಿಂದ ನಾಲ್ಕು. ನಿನ್ನೆಯ ತನಕ ಹತ್ತು ದಿನ. ಗುರುತಿನ ಸಂಖ್ಯೆ ಅದೇ 4417. ಸತ್ತವನ ಹೆಸರಲ್ಲಿ ಇನ್ನೂ ಯಾಕೆ ಬರೀತಿದೀರ?"

ಇಸ್ತ್ರಿ ಸಾಹೇಬ ಹಾಳೆ ಎಳೆದುಕೊಂಡು ಓದಿದ. ಓದುತ್ತ ಓದುತ್ತ ಮುಖದ ಬಣ್ಣ ಇಳಿಯಿತು. ಅದು ನಟನೆಯಾಗಿದ್ದರೆ, ಅವನು ಇಷ್ಟು ದಿನ ತಪ್ಪು ಕಚೇರಿಯಲ್ಲಿ ಕೆಲಸ ಮಾಡಿದ್ದ.

"ಇದು ನಾನಲ್ಲ."

"ಮತ್ತೆ?"

"ನಾನು ಅಳಿಸೋದು ಈ ಕಂಪ್ಯೂಟರಿಂದ. ಇಲ್ಲಿಂದ ಅಳಿಸಿದ್ರೆ ಸಾಲಿನ ಕೊನೆಗೆ ಚಿಕ್ಕ ಚುಕ್ಕೆ ಬೀಳುತ್ತೆ, ನೋಡಿ ಹಳೇದರಲ್ಲಿ ಇದೆ. ಈ ಹತ್ತರಲ್ಲಿ ಚುಕ್ಕೆ ಇಲ್ಲ." ಅವನ ಬೆರಳು ಹಾಳೆಯ ಮೇಲೆ ಜಾರಿತು. "ಇವು ಯಂತ್ರದಿಂದಲೇ ಬಂದಿರೋವು. ಮಾಳಿಗೆ ಹತ್ತಿ, ಬೀಗದ ಕೈ ಹಾಕಿ, ಯಂತ್ರದ ಬಾಗಿಲು ತೆರೆದು, ಅವನ ಸಂಖ್ಯೆ ಒತ್ತಿದ್ರೆ ಮಾತ್ರ ಹೀಗೆ ಬರುತ್ತೆ. ಏಳನೇದರ ಬೀಗದ ಕೈ ಇದ್ದಿದ್ದು ಒಂದೇ. ಅದು ಅವನ ಹತ್ರ ಇತ್ತು."

ಶವದ ಜೇಬಿನಲ್ಲಿ ಸಿಕ್ಕ ಗೊಂಚಲಿನಲ್ಲಿ ಎಂಟೇ ಕೀಲಿಕೈ ಇದ್ದವು. ಒಂಬತ್ತು ಕೇಂದ್ರಕ್ಕೆ ಎಂಟು. ಒಂದು ಎಲ್ಲೋ ಬಿದ್ದಿರಬೇಕು ಅಂತ ಠಾಣೆಯವರು ಬರೆದುಕೊಂಡಿದ್ದರು.

ಅವಳು ಬಾಯಿ ತೆರೆಯುವ ಮೊದಲೇ ಗೋಡೆಯ ಪರದೆ ಟಿಣ್ ಅಂದಿತು.

ಇಬ್ಬರೂ ಒಟ್ಟಿಗೆ ತಲೆ ಎತ್ತಿದರು. ಒಂಬತ್ತು ಸಾಲುಗಳಲ್ಲಿ ಏಳನೆಯದು ಬೂದು ಬಣ್ಣಕ್ಕೆ ತಿರುಗಿತ್ತು.

‘ಕೇಂದ್ರ 7. ಬಾಗಿಲು ತೆರೆದಿದೆ. ತಂತ್ರಜ್ಞ: 4417.’

ಮೂರು ಗಂಟೆ ಎರಡು ನಿಮಿಷ.

"ಈಗ," ಅಂದ ಇಸ್ತ್ರಿ ಸಾಹೇಬ. "ಈಗ ಯಾರೋ ಮೇಲಿದಾರೆ."

ಶಾಲೆ ಇಲ್ಲಿಂದ ಕಾರಿನಲ್ಲಿ ಹತ್ತು ನಿಮಿಷ. ಅವಳ ಪೇದೆಗಳಿದ್ದದ್ದು ಊರಿನ ಇನ್ನೊಂದು ತುದಿಯಲ್ಲಿ. ಅವಳು ಶಾಲೆಯ ಗೇಟಿನ ಮೊಬೈಲಿಗೆ ಕರೆ ಮಾಡಿದಳು. ಅವಳು ಸ್ಥಳ ನೋಡಲು ಹೋದ ದಿನ ರಜೆಯಲ್ಲಿದ್ದ ವಯಸ್ಸಾದ ಕಾವಲುಗಾರ ಎತ್ತಿದ.

"ನಾನು ಇನ್ಸ್‌ಪೆಕ್ಟರ್. ನಿಮ್ಮ ಮಾಳಿಗೆ ಮೇಲೆ ಈಗ ಯಾರಿದಾರೆ?"

"ಯಾರು ಬೇಕಿತ್ತು?"

"ಇನ್ಸ್‌ಪೆಕ್ಟರ್ ಕಣಪ್ಪ ನಾನು. ಮಾಳಿಗೆ ಮೇಲೆ ಯಾರು ಹತ್ತಿದಾರೆ ಹೇಳು."

"ಏನಮ್ಮಾ ತಮಾಷೆ ಮಾಡ್ತೀರ," ಅಂದ ಮುದುಕ, ನಗುತ್ತ. "ಇನ್ಸ್‌ಪೆಕ್ಟರಮ್ಮ ಮೇಲೇ ಇದಾರಲ್ಲ. ಹತ್ತು ದಿನದಿಂದ ದಿನಾ ಈ ಹೊತ್ತಿಗೆ ಬರ್ತಾರೆ. ತನಿಖೆ ಅಂತೆ. ಪುಸ್ತಕದಲ್ಲಿ ಸಹಿ ಹಾಕಿ, ಬಿಸಿ ನೀರು ಕೇಳಿ ಕುಡಿದು, ಹತ್ತಿ ಹೋಗ್ತಾರೆ. ಪಾಪ, ಬಹಳ ಒಳ್ಳೆಯವರು. ಒಂದೊಂದು ದಿನ ಅಲ್ಲೇ ಸುಮ್ಮನೆ ಕೂತಿರ್ತಾರೆ."

ಇನ್ಸ್‌ಪೆಕ್ಟರಮ್ಮ ಫೋನು ಕಿವಿಗೆ ಒತ್ತಿ ಹಿಡಿದಳು.

"ಪುಸ್ತಕದಲ್ಲಿ ಏನಂತ ಹೆಸರು ಬರೆದಿದಾರೆ?"

ಹಾಳೆ ಮಗುಚುವ ಸದ್ದು. ಮುದುಕ ಅಕ್ಷರ ಕೂಡಿಸಿ ಓದಿದ. ಅದು ಅವಳದೇ ಹೆಸರು. ಕಚೇರಿಯ ಹೊರಗೆ ಯಾರೂ ಪೂರ್ತಿಯಾಗಿ ಕರೆಯದ ಹೆಸರು, ಒಂದಕ್ಷರ ತಪ್ಪಿಲ್ಲದೆ.

"ಕೊಡ್ಲಾ ಅವರಿಗೇ ಫೋನು? ಏಣಿ ಗೇಟಿನ ಪಕ್ಕದಲ್ಲೇ ಇದೆ. ಮೇಡಂ! ಮೇಡಂ, ಯಾರೋ ನಿಮ್ಮ ಹೆಸರು ಹೇಳ್ಕೊಂಡು ಫೋನು ಮಾಡಿದಾರೆ ನೋಡಿ!"

"ಬೇಡ, ಕರೀಬೇಡ..." ಅಷ್ಟರಲ್ಲಿ ಕೂಗಿ ಆಗಿತ್ತು.

ಕಬ್ಬಿಣದ ಮೆಟ್ಟಿಲ ಮೇಲೆ ನಿಧಾನವಾಗಿ ಇಳಿಯುವ ಹೆಜ್ಜೆ ಕೇಳಿಸಿತು. ಫೋನು ಕೈ ಬದಲಾಯಿತು.

"ಹೇಳಿ. ಇನ್ಸ್‌ಪೆಕ್ಟರ್ ಮಾತಾಡ್ತಿರೋದು."

ತಗ್ಗಿದ ದನಿ. ಸ್ವಲ್ಪ ಒಡಕು.

ಮೂರು ಗಂಟೆ ಹಿಂದೆ, ರಸ್ತೆ ಬದಿಯ ಬೆಂಚಿನ ಮೇಲೆ ಕೂತು ಇದೇ ದನಿಗೆ ಅವಳು ಸಾವಿನ ಸುದ್ದಿ ಮುಟ್ಟಿಸಿದ್ದಳು, ಸಮುದ್ರದಾಚೆ ನಡುರಾತ್ರಿ ಅಂತ ನಂಬಿ.

"ನೀವಾ?" ಅವಳು ಕಿಟಕಿಯ ಕಡೆ ತಿರುಗಿ ನಿಂತಳು. "ನೀವು ಅಮೆರಿಕದಲ್ಲಿ... ಇಲ್ಲಿಗೆ ಯಾವಾಗ ಬಂದ್ರಿ?"

ಆ ಕಡೆ ಗಾಳಿಯ ಸದ್ದು. ಮೈದಾನದಲ್ಲಿ ಮಕ್ಕಳ ಕೂಗು. ಆಚೆಯವಳು ಕಾವಲುಗಾರನಿಂದ ನಾಲ್ಕು ಹೆಜ್ಜೆ ದೂರ ನಡೆದಿರಬೇಕು. ದನಿ ಇನ್ನೂ ತಗ್ಗಿತು.

"ಅವನು ಬಿದ್ದ ದಿನ ಬೆಳಿಗ್ಗೆ ಬಂದೆ. ಹೇಳದೆ ಬಂದೆ. ಮಧ್ಯಾಹ್ನ ಶಾಲೆಗೇ ಬಾ, ಮೇಲಿಂದ ನನ್ನ ಊರು ತೋರಿಸ್ತೀನಿ ಅಂದ. ಬೀಗದ ಕೈ ನನ್ನ ಕೈಗೇ ಕೊಟ್ಟು, ತನ್ನ ಸಂಖ್ಯೆ ಹೇಳಿ, ಬಾಗಿಲು ನೀನೇ ತೆಗಿ ಅಂದ. ನಾಲ್ಕು ವರ್ಷದಲ್ಲಿ ಮೊದಲನೇ ಸಲ ಅವನ ಮುಖ ನೋಡಿದ್ದು. ಇಪ್ಪತ್ತು ನಿಮಿಷ ನೋಡಿದೆ."

"ಆಮೇಲೆ?"

"ಆಮೇಲೆ ಇನ್ನೊಬ್ಬರು ಹತ್ತಿ ಬಂದ್ರು. ನಾನು ಯಂತ್ರದ ಹಿಂದೆ ಇದ್ದೆ. ನನ್ನ ಅವರು ನೋಡಲಿಲ್ಲ, ನಾನು ಅವರನ್ನ ನೋಡಿದೆ. ಈ ಊರಲ್ಲಿ ಯಾರನ್ನ ನಂಬಬೇಕೋ ಗೊತ್ತಿಲ್ಲದೆ ಪೇಪರಲ್ಲಿ ನೋಡಿದ ನಿಮ್ಮ ಹೆಸರು ಹಾಕ್ಕೊಂಡು ಅಸಲು ಅಂಕಿ ತೆಗೀತಿದೀನಿ. ನಾನಿನ್ನೂ ಅಮೆರಿಕದಲ್ಲೇ ಇದೀನಿ ಅನ್ನಿಸಲಿ ಅಂತ ಅವನ ಫೋನಿಗೆ ದಿನಾ ಅಂಕಿ ಕಳಿಸ್ತಾ ಬಂದೆ." ಉಸಿರೆಳೆದುಕೊಂಡಳು. "ಅಮ್ಮಾ, ನೀವು ಈಗ ಎಲ್ಲಿಂದ ಮಾತಾಡ್ತಿದೀರ? ಗಾಳಿ ಕಚೇರಿಯಿಂದಾನಾ? ಅಂಗಿ ಮಡಿಕೆ ನೆಟ್ಟಗಿರೋ ಒಬ್ಬರು ನಿಮ್ಮ ಹತ್ತಿರ ಇದ್ರೆ, ನಾನು ಇಲ್ಲಿದೀನಿ ಅಂತ ಮಾತ್ರ ಅವರಿಗೆ ಗೊತ್ತಾಗೋಕೆ ಬಿಡಬೇಡಿ."

ಇನ್ಸ್‌ಪೆಕ್ಟರಮ್ಮ ತಿರುಗಿ ನೋಡಿದಳು.

ಇಸ್ತ್ರಿ ಸಾಹೇ‌ಬ ಕೋಣೆಯಲ್ಲಿರಲಿಲ್ಲ. ಕನ್ನಡಕ ಮೇಜಿನ ಮೇಲೇ ಬಿದ್ದಿತ್ತು. ಬಾಗಿಲು ಇನ್ನೂ ಅಲ್ಲಾಡುತ್ತಿತ್ತು. ಕೆಳಗೆ ಅಂಗಳದಲ್ಲಿ ಒಂದು ಕಾರು ಹೊರಟ ಸದ್ದಾಯಿತು.